ಬಿಪಿ ಮಾತ್ರೆ ಇದೆ, ಜನ ಮೂರನೇ ತಿಂಗಳಿಗೆ ಬರಲ್ಲ: ಯಾವ ಫ್ರೇಮ್‌ವರ್ಕ್ ಬಳಸಲಿ?

ಮೂಡಿಗೆರೆ ಸಿಎಚ್‌ಒ:
ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ (ಸಿಎಚ್‌ಒ) ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕಾಫಿ ಎಸ್ಟೇಟಿನ ಲೈನ್ ಮನೆಗಳೇ (ಕೂಲಿಯವರ ಸಾಲು ಮನೆಗಳು) ಜಾಸ್ತಿ. ಬಿಪಿ ನೋಡುತ್ತೇವೆ, 140/90 ದಾಟಿದವರನ್ನು ಡಾಕ್ಟರ್ ಹತ್ತಿರ ಕಳಿಸುತ್ತೇವೆ, ಅವರು ಬಿಪಿ ಇಳಿಸುವ ಆಮ್ಲೋಡಿಪಿನ್ ಬರೆಯುತ್ತಾರೆ, ಮಾತ್ರೆ ಫ್ರೀ. ಆದರೂ ಮೂರನೇ ತಿಂಗಳಿಗೆ ಅರ್ಧ ಜನ ಕಾಣುವುದಿಲ್ಲ. ಕೇಳಿದರೆ "ತಲೆ ಸುತ್ತು ನಿಂತಿತಲ್ಲ, ಇನ್ಯಾಕೆ ಮಾತ್ರೆ" ಅನ್ನುತ್ತಾರೆ. ತರಬೇತಿಯಲ್ಲಿ ರೀ-ಏಮ್ (RE-AIM), ಸಿಎಫ್‌ಐಆರ್ (CFIR) ಅಂತ ಎರಡು ಫ್ರೇಮ್‌ವರ್ಕ್, ಅಂದರೆ ಒಂದು ಕಾರ್ಯಕ್ರಮ ಹೇಗೆ ನಡೆಯುತ್ತಿದೆ ಎಂದು ನೋಡುವ ಚೌಕಟ್ಟು, ಹೇಳಿಕೊಟ್ಟರು. ಅಲ್ಲಿ ಅರ್ಥವಾಗಿತ್ತು, ಇಲ್ಲಿ ಬಂದು ರಿಜಿಸ್ಟರ್ ತೆರೆದು ಕೂತರೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಯಾರಾದರೂ ಬಳಸಿದ್ದೀರಾ?

ಹಾಸನ, ಸಮುದಾಯ ವೈದ್ಯಕೀಯ ಪಿಜಿ:
ಮೇಡಂ, ಎರಡರ ಕೆಲಸ ಬೇರೆ ಬೇರೆ. ರೀ-ಏಮ್ 1999ರದ್ದು, ಅದರಲ್ಲಿ ಐದೇ ಪ್ರಶ್ನೆ. ಯಾರಿಗೆ ತಲುಪಿತು, ಗುಣ ಸಿಕ್ಕಿತಾ, ಎಷ್ಟು ಕೇಂದ್ರ ಮತ್ತು ಸಿಬ್ಬಂದಿ ಕೈಗೆತ್ತಿಕೊಂಡರು, ಹೇಳಿದ ಹಾಗೆ ನಡೆಯಿತಾ, ಕೊನೆಗೆ ಉಳಿಯಿತಾ. ಸಿಎಫ್‌ಐಆರ್ 2009ರದ್ದು, 2022ರಲ್ಲಿ ತಿದ್ದಿದ್ದಾರೆ. ಅದು "ಯಾಕೆ ನಡೆಯಲಿಲ್ಲ" ಎಂದು ಹುಡುಕುವುದಕ್ಕೆ. ಮೊದಲ ಆವೃತ್ತಿಯಲ್ಲೇ 39 ಅಂಶಗಳಿದ್ದವು, ಅಷ್ಟನ್ನೂ ತುಂಬಲು ಹೋಗಬೇಡಿ, ಸುಮ್ನೆ ಸುಸ್ತಾಗುತ್ತೀರಿ.

ಮೊದಲು ಒಂದು ಮಾತು ಕೇಳುತ್ತೇನೆ. "ಅರ್ಧ ಜನ" ಅಂದಿರಲ್ಲ, ಯಾವುದರ ಅರ್ಧ? ರಿಜಿಸ್ಟರಿನಲ್ಲಿ ಹೆಸರು ಇರುವವರದ್ದಾ, ಲೈನಿನಲ್ಲಿರುವ 30 ವರ್ಷ ದಾಟಿದವರೆಲ್ಲರದ್ದಾ? ಹೆಸರೇ ಬರೆಯದವರು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅಲ್ವಾ? "ತಲುಪಿತಾ" ಅನ್ನುವ ಪ್ರಶ್ನೆ ಇರುವುದೇ ಅವರಿಗಾಗಿ. ಹೆಂಗಸರು ಎಷ್ಟು, ಗಂಡಸರು ಎಷ್ಟು, ಯಾವ ಲೈನ್, ಇಷ್ಟು ಬಿಡಿಸಿ ನೋಡಿ.

ಸಕಲೇಶಪುರ ಆಶಾ:
ಅಕ್ಕ, ಫ್ರೇಮ್‌ವರ್ಕ್ ನನಗೆ ಗೊತ್ತಿಲ್ಲ, ಜನ ಗೊತ್ತು. ಕೊಯ್ಲಿನ ಸಮಯದಲ್ಲಿ ಹಣ್ಣು ಕುಯ್ದಷ್ಟು ಕೆಜಿಗೆ ದುಡ್ಡು. ಹನ್ನೊಂದು ಗಂಟೆಗೆ ಮಾತ್ರೆಗೆ ಬನ್ನಿ ಅಂದರೆ ಯಾರು ಬರುತ್ತಾರೆ? ಅರ್ಧ ದಿನದ ಸಂಪಾದನೆ ಹೋಗುತ್ತದೆ. ನಾವು ರೈಟರ್ (ಎಸ್ಟೇಟಿನ ಗುಮಾಸ್ತ) ಹತ್ತಿರ ಮಾತಾಡಿ ಕೂಲಿ ಬಟವಾಡೆ ದಿನ ಸಂಜೆ ಲೈನ್ ಹತ್ತಿರವೇ ಕೂರಲು ಶುರು ಮಾಡಿದೆವು. ಆ ದಿನ ಎಲ್ಲರೂ ಇರುತ್ತಾರೆ. ಮೇಸ್ತ್ರಿ ಬಿಪಿ ನೋಡಿಸಿಕೊಂಡ ಮೇಲೆ ಉಳಿದ ಗಂಡಸರೂ ತೋಳು ಚಾಚಿದರು. ಇನ್ನೊಂದು ವಿಷಯ, ಬಿಪಿ ಜಾಸ್ತಿಯಾದರೆ ತಲೆ ಸುತ್ತಲೇಬೇಕು ಅಂತಿಲ್ಲ, ಏನೂ ಗೊತ್ತಾಗದೆಯೂ ಇರುತ್ತದೆ. ಇದನ್ನು ಪ್ರತಿ ಸಲ ಹೇಳಬೇಕು, ಒಂದು ಸಲ ಹೇಳಿದರೆ ಸಾಲದು.

ಪಿಎಚ್‌ಸಿ ಫಾರ್ಮಸಿಸ್ಟ್:
ಆಶಾ ಅಕ್ಕ ಹೇಳಿದ್ದೇ ಸಿಎಫ್‌ಐಆರ್‌ನಲ್ಲಿ "ಹೊರಗಿನ ಪರಿಸರ" ಅಂತ ಇರುವುದು, ಕೂಲಿ, ಕೊಯ್ಲು, ರೈಟರ್ ಎಲ್ಲ ಅದರಲ್ಲೇ ಬಂತು. ನಾನು "ಒಳಗಿನ ಪರಿಸರ" ಹೇಳುತ್ತೇನೆ. ಸ್ಟಾಕ್ ನೋಡಿ ಮೇಡಂ. ಸ್ಟಾಕ್ ಕಡಿಮೆ ಇದ್ದಾಗ ಹತ್ತು ದಿನದ ಮಾತ್ರೆ ಕೊಟ್ಟು ಕಳಿಸುತ್ತೇವೆ, ಅಂದರೆ ಒಂದೇ ತಿಂಗಳಲ್ಲಿ ಮೂರು ಸಲ ನಡೆಸುತ್ತೇವೆ. ಆಮೇಲೆ ರೋಗಿ ಬರಲಿಲ್ಲ ಅಂತ ರಿಜಿಸ್ಟರಿನಲ್ಲಿ ಬರೆಯುತ್ತೇವೆ, ಇದು ನ್ಯಾಯವಲ್ಲ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲೂ ಹೊಸ ಔಷಧ ಏನೂ ಇರಲಿಲ್ಲ. ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ತಪ್ಪದೆ ಮಾತ್ರೆ, ನರ್ಸ್‌ಗಳಿಗೂ ಜವಾಬ್ದಾರಿ, ಮನೆಗೆ ಹತ್ತಿರ ಸೇವೆ, ಬಾರದವರನ್ನು ಹುಡುಕುವ ದಾಖಲೆ, ಇಷ್ಟೇ.

ಮೂಡಿಗೆರೆ ಸಿಎಚ್‌ಒ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬಿಡಿಸಿ ನೋಡಿದೆ. ಮೇಲಿನ ಲೈನಿನಿಂದ ಒಬ್ಬ ಗಂಡಸಿನ ಹೆಸರೂ ಇಲ್ಲ. ನಾವು ಹೋಗುತ್ತಿದ್ದದ್ದು ಯಾವಾಗಲೂ ಬೆಳಿಗ್ಗೆ, ಅವರೆಲ್ಲ ತೋಟದಲ್ಲಿರುವಾಗ. ಈ ಶನಿವಾರ ಬಟವಾಡೆ, ರೈಟರ್ ಒಪ್ಪಿದ್ದಾರೆ. ಅಸ್ಸಾಮಿನಿಂದ ಬಂದ ಕೆಲಸಗಾರರು ಕೊಯ್ಲು ಮುಗಿಸಿ ಊರಿಗೆ ಹೊರಡುವಾಗ ಎರಡು ತಿಂಗಳ ಮಾತ್ರೆ, ಜೊತೆಗೆ ಬಿಪಿ, ಮಾತ್ರೆ ವಿವರ ಬರೆದ ಒಂದು ಚೀಟಿ ಕೊಡಬಹುದಾ ಅಂತ ನಮ್ಮ ಡಾಕ್ಟರನ್ನು ಕೇಳುತ್ತೇನೆ.