ಸುಜಾತಕ್ಕನ ಮೊಮ್ಮಗನ ವಿಷಯ: ಕೋಲಾರದಲ್ಲಿ ಥೆರಪಿ ಎಲ್ಲಿಂದ ಶುರು ಮಾಡೋದು

ಸುಜಾತಕ್ಕ, ನಮಸ್ತೆ. ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ವಾಯ್ಸ್ ಕೇಳಿದೆ. ಬಂಗಾರಪೇಟೆ ಮೊಮ್ಮಗನಿಗೆ ಎರಡೂವರೆ ವರ್ಷ, ಮಾತಿಲ್ಲ, ಕರೆದ್ರೆ ತಿರುಗಲ್ಲ, ಮಕ್ಕಳ ಡಾಕ್ಟ್ರು ಆಟಿಸಂ (ಮಾತು, ಬೇರೆಯವರ ಜೊತೆ ಬೆರೆಯೋದು ಕಷ್ಟ ಆಗೋ ಬೆಳವಣಿಗೆಯ ತೊಂದರೆ) ಇರಬಹುದು ಅಂದಿದ್ದಾರೆ, ಥೆರಪಿಗೆ ಬೆಂಗಳೂರಿಗೇ ಹೋಗ್ಬೇಕಾ ಅಂತ ಕೇಳಿದ್ರಿ. ಅದಕ್ಕೆ ಮಂಜಣ್ಣ, ನಮ್ಮ ಕಡೆ ಗಂಡುಮಕ್ಕಳಿಗೆ ಮಾತು ಲೇಟೇ, ನಾಲ್ಕು ವರ್ಷ ತುಂಬಲಿ ಅಂದ್ರು. ಇನ್ನೊಬ್ಬರು ಸ್ಟೆಮ್ ಸೆಲ್ ಅನ್ನೋ ಜೀವಕೋಶ ಕೊಟ್ಟು ಆಟಿಸಂ ವಾಸಿ ಮಾಡ್ತೀವಿ ಅನ್ನೋ ಜಾಹೀರಾತು ಹಾಕಿದ್ರು. ಎಲ್ಲಕ್ಕೂ ಸೇರಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಮಗು ಅಮ್ಮ ದಿವ್ಯಗೂ ಕೇಳಿಸಿ.

ಮಂಜಣ್ಣ, ಬೇಜಾರು ಮಾಡ್ಕೋಬೇಡಿ. ಬರೀ ಮಾತು ಲೇಟಾಗೋ ಮಗು ಬೆರಳು ಮಾಡಿ ತೋರಿಸುತ್ತೆ, ನಾಯಿ ಕಂಡ್ರೆ ಅಮ್ಮನೂ ನೋಡಿದ್ಲಾ ಅಂತ ಅವಳ ಮುಖ ನೋಡುತ್ತೆ, ಬೇಡ ಅಂದ್ರೆ ತಲೆ ಆಡಿಸುತ್ತೆ. ಇವನು ಅಮ್ಮನ ಕೈ ಹಿಡಿದು ಎಳ್ಕೊಂಡು ಹೋಗಿ ಬಿಸ್ಕೆಟ್ ಡಬ್ಬದ ಮೇಲೆ ಇಡ್ತಾನೆ, ಮುಖ ನೋಡಲ್ಲ ಅಂತ ಅಕ್ಕನೇ ಹೇಳಿದ್ರಲ್ಲ. ಇದಕ್ಕೆ ಕಾಯಬಾರದು. ಈಗ್ಲೇ ಶುರು ಮಾಡಿ, ಆಮೇಲೆ ಆಟಿಸಂ ಅಲ್ಲ ಅಂತಾದ್ರೂ ಮಗುಗೆ ನಷ್ಟ ಏನಿಲ್ಲ. ಕಾದು ಕೂತು, ಆಮೇಲೆ ಹೌದು ಅಂತಾದ್ರೆ ಒಳ್ಳೇ ಕಲಿಯೋ ವಯಸ್ಸೇ ಹೋಗಿರುತ್ತೆ.

ಮೊದಲು ಕಿವಿ ಪರೀಕ್ಷೆ ಆಗಲಿ. ಟಿವಿ ಸೌಂಡಿಗೆ ಓಡಿ ಬರ್ತಾನೆ, ಕಿವಿ ಸರಿಯಾಗೇ ಇದೆ ಅಂತ ಬಿಟ್ಟುಬಿಡಬೇಡಿ. ಕೆಲವು ಸದ್ದು ಕೇಳಿಸಿ ಕೆಲವು ಕೇಳಿಸದ ಮಕ್ಕಳೂ ಇರ್ತಾರೆ. ಬೆರಾ ಅಂತ ಟೆಸ್ಟ್, ತಲೆಗೆ ವೈರ್ ಅಂಟಿಸ್ತಾರೆ, ಮಗು ಮಲಗಿರಬೇಕು. ಇಲ್ಲೇ ಎಲ್ಲರೂ ಎಡವೋದು. ಮಗು ಬಸ್ಸಲ್ಲಿ ನಿದ್ದೆ ಮಾಡಿ ಆಸ್ಪತ್ರೆ ಬಾಗಿಲಲ್ಲಿ ಫ್ರೆಶ್ ಆಗಿ ಏಳುತ್ತೆ, ಇನ್ನೊಂದು ದಿನ ಬನ್ನಿ ಅಂತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರೀಲಿ ಕಣ್ಣು ಮುಚ್ಚೋಕೆ ಬಿಡಬೇಡಿ. ಜೊತೆಗೆ ಇನ್ನೊಬ್ಬರು ಇರಲಿ, ಒಬ್ಬಳಿಂದ ಆಗಲ್ಲ. ನಿದ್ದೆ ಸಿರಪ್ ಕೊಡ್ತಾರಾ, ಕೊಟ್ರೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳ್ಕೊಳ್ಳಿ.

ಎಲ್ಲಿ ಅಂದ್ರೆ, ಕೋಲಾರದ ಟಮಕದಲ್ಲಿರೋ ಜಾಲಪ್ಪ ಆಸ್ಪತ್ರೆ ಮೆಡಿಕಲ್ ಕಾಲೇಜು ಆದ್ರಿಂದ ಮಕ್ಕಳ ವಿಭಾಗ, ಇಎನ್‌ಟಿ, ಮನೋವೈದ್ಯ ವಿಭಾಗ ಒಂದೇ ಕಡೆ ಸಿಗುತ್ತೆ. ಕೋಲಾರ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋದ್ರೆ ಡಿಇಐಸಿ (ಬೆಳವಣಿಗೆ ತಡವಾದ ಮಕ್ಕಳನ್ನ ನೋಡೋ ಸರ್ಕಾರಿ ಕೇಂದ್ರ) ಎಲ್ಲಿ ಅಂತ ಕೇಳಿ. ಅಂಗನವಾಡಿಗೆ ಬಂದು ಮಕ್ಕಳನ್ನ ನೋಡ್ತಾರಲ್ಲ ಆರ್‌ಬಿಎಸ್‌ಕೆ ಡಾಕ್ಟ್ರು, ಅವರು ಕಳಿಸೋದು ಅಲ್ಲಿಗೇ. ಹುಟ್ಟಿದಾಗಿಂದ 18 ವರ್ಷದವರೆಗೆ ನೋಡ್ತಾರೆ, ದುಡ್ಡಿಲ್ಲ. ಆದ್ರೆ ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರ್ತಾರೆ ಅಂತ ವಿಚಾರಿಸಿಯೇ ಹೊರಡಿ, ಇಂಥ ಹುದ್ದೆಗಳು ಖಾಲಿ ಬೀಳೋದು ಮಾಮೂಲು. ಪೂರ್ತಿ ಪರೀಕ್ಷೆಗೆ ನಿಮ್ಹಾನ್ಸ್ ಮಕ್ಕಳ ಮನೋವೈದ್ಯ ವಿಭಾಗ ಇದ್ದೇ ಇದೆ, ಒಂದೇ ದಿನಕ್ಕೆ ಮುಗಿಯುತ್ತೆ ಅಂದ್ಕೋಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಒಳ್ಳೇದು, ದೂರ ಇರೋರಿಗೆ ವಿಡಿಯೋ ಕಾಲಲ್ಲಿ ಥೆರಪಿ ಹೇಳಿಕೊಡ್ತಾರೆ.

ಈಗ ಬೆಂಗಳೂರಿಗೇ ಹೋಗ್ಬೇಕಾ ಅನ್ನೋ ಪ್ರಶ್ನೆ. ಪರೀಕ್ಷೆಗೆ ಹೋಗಿ, ವಾರಾವಾರ ಥೆರಪಿಗೆ ಬೇಡ. ಮುಕ್ಕಾಲು ಗಂಟೆ ಕ್ಲಾಸಿಗೆ ಇಡೀ ದಿನ ಟ್ರೇನು, ಬಸ್ಸು ಅಂದ್ರೆ ಮಗು ಸುಸ್ತಾಗಿ ಅಳೋದ್ರಲ್ಲೇ ಕ್ಲಾಸ್ ಮುಗಿಯುತ್ತೆ. ಮಗು ಎಚ್ಚರ ಇರೋ ಅಷ್ಟೂ ಹೊತ್ತು ಜೊತೆಗಿರೋರು ದಿವ್ಯ, ನೀವು, ಅವರಪ್ಪ. ನಿಮಗೆ ಕಲಿಸೋ ಥೆರಪಿಸ್ಟ್ ಹತ್ತಿರದಲ್ಲಿ ಒಬ್ಬರು ಸಿಕ್ಕಿದ್ರೆ ಅವರೇ ಮೇಲು.

ಅವರು ಏನು ಕಲಿಸಬೇಕು ಅನ್ನೋದಕ್ಕೆ ಆ ಬಿಸ್ಕೆಟ್ಟನ್ನೇ ತಗೊಳ್ಳಿ. ಒಳಗಿರೋದು ಕಾಣೋ ಡಬ್ಬಕ್ಕೆ ಹಾಕಿ, ಅವನಿಂದ ತೆಗೆಯೋಕಾಗದಷ್ಟು ಬಿಗಿಯಾಗಿ ಮುಚ್ಚಳ ಹಾಕಿ ಅವನ ಕೈಗೇ ಕೊಡಿ. ನೀವು ಅವನ ಮುಖದ ಎತ್ತರಕ್ಕೆ ನೆಲದ ಮೇಲೆ ಕೂತ್ಕೊಳ್ಳಿ. ಬಾಯಿ ಬಿಡಬೇಡಿ, ಮನಸ್ಸಲ್ಲೇ ಐದರವರೆಗೆ ಎಣಿಸಿ. ಡಬ್ಬ ನಿಮ್ಮ ಕಡೆ ತಳ್ಳಿದ್ರೂ ಸರಿ, ಒಂದು ಕ್ಷಣ ಮುಖ ನೋಡಿದ್ರೂ ಸರಿ, ಉಂ ಅಂದ್ರೂ ಸರಿ, ತಕ್ಷಣ ‘ಬಿಸ್ಕೆಟ್’ ಅಂತ ಒಂದೇ ಮಾತು ಹೇಳಿ ತುಂಡು ಕೊಡಿ. ಇಡೀ ಬಿಸ್ಕೆಟ್ ಅಲ್ಲ, ಕಾಲು ಭಾಗ. ಎರಡು ಬಿಸ್ಕೆಟ್ಟಿಗೆ ಎಂಟು ಸಲ ಕೇಳೋ ಅವಕಾಶ ಆಯ್ತು. ಹೀಗೆ ನೀರು, ಚಪ್ಪಲಿ, ಉಯ್ಯಾಲೆ, ಎಲ್ಲದರಲ್ಲೂ. ಕೆಡೋದು ಎಲ್ಲಿ ಅಂದ್ರೆ, ‘ಹೇಳು, ಹೇಳಿದ್ರೇ ಕೊಡೋದು’ ಅಂತ ಹಟ ಹಿಡಿದಾಗ. ಮಗು ಕಿರುಚುತ್ತೆ, ಕಿರುಚಿದ ಮೇಲೆ ಅಯ್ಯೋ ಪಾಪ ಅಂತ ಕೊಡ್ತೀರ, ಕಿರುಚಿದ್ರೆ ಸಿಗುತ್ತೆ ಅಂತ ಕಲೀತು. ಇನ್ನೊಂದು, ಟಿವಿ ಹಾಕ್ಕೊಂಡು ಮೂರು ಜನ ಒಟ್ಟಿಗೆ ‘ಕಂದಾ ಇಲ್ನೋಡು, ಇಲ್ನೋಡು’ ಅನ್ನೋದು. ಒಂದು ಹೊತ್ತಿಗೆ ಒಬ್ಬರೇ, ಟಿವಿ ಬಂದ್. ಮಾತು ಬರೋವರೆಗೆ ಚಿತ್ರ ಕೊಟ್ಟು ಕೇಳೋದು, ಕೈಸನ್ನೆ ಇವನ್ನೂ ಕಲಿಸ್ತಾರೆ. ಅದರಿಂದ ಮಾತು ನಿಂತುಹೋಗುತ್ತೆ ಅನ್ನೋದು ಸುಳ್ಳು.

ಭಾಷೆ ವಿಷಯಕ್ಕೆ ಬರ್ತೀನಿ, ನಮ್ಮ ಜಿಲ್ಲೇಲಿ ಇದು ದೊಡ್ಡ ತಲೆನೋವು. ನಿಮ್ಮ ಮನೇಲಿ ತೆಲುಗು, ಬೀದೀಲಿ ಕನ್ನಡ, ಪ್ಲೇ ಹೋಮಲ್ಲಿ ಇಂಗ್ಲಿಷು. ಮಗು ಗೊಂದಲ ಆಗಿದೆ, ತೆಲುಗು ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಎರಡು ಭಾಷೆ ಮನೆಗಳ ಆಟಿಸಂ ಮಕ್ಕಳನ್ನ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಎರಡನೇ ಭಾಷೆಯಿಂದ ಮಾತು ಇನ್ನಷ್ಟು ತಡವಾದದ್ದು ಕಂಡಿಲ್ಲ. ದಿವ್ಯ ತೆಲುಗಲ್ಲಿ ಮುದ್ದು ಮಾಡ್ತಾಳೆ, ಹಾಡು ಹೇಳ್ತಾಳೆ, ಬೈತಾಳೆ. ಬರದ ಇಂಗ್ಲಿಷಲ್ಲಿ ‘ಕಮ್, ಸಿಟ್, ನೋ’ ಮಾತ್ರ ಉಳಿಯುತ್ತೆ. ತೆಲುಗೇ ಆಡ್ಲಿ. ಥೆರಪಿಸ್ಟಿಗೆ ತೆಲುಗು ಬರದಿದ್ರೆ ಮಗು ದಿನಾ ಕೇಳೋ ಇಪ್ಪತ್ತು ಮಾತು ಬರೆದುಕೊಡಿ. ಅವನು ಫೋನ್ ನೋಡ್ಕೊಂಡು ಎ ಫಾರ್ ಆ್ಯಪಲ್ ಪೂರ್ತಿ ಒಪ್ಪಿಸ್ತಾನೆ ಅಂತ ಖುಷಿ ಪಟ್ರಿ. ನೀರು ಬೇಕು ಅಂತ ಕೇಳೋಕೆ ಬರದಿದ್ರೆ ಅದು ಬರೀ ಬಾಯಿಪಾಠ.

ಸೆಂಟರ್ ಆರಿಸೋವಾಗ, ಸ್ಪೀಚ್ ಥೆರಪಿಸ್ಟು, ಸ್ಪೆಷಲ್ ಎಜುಕೇಟರು, ಕ್ಲಿನಿಕಲ್ ಸೈಕಾಲಜಿಸ್ಟು ಆದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ ನೋಂದಣಿ ನಂಬರ್ ಕೇಳಿ. ಕೇಳೋದು ಅವಮಾನ ಅಲ್ಲ. ಊಟ, ಬಟ್ಟೆಯಂಥ ದಿನದ ಕೆಲಸ ಕಲಿಸೋ ಆಕ್ಯುಪೇಷನಲ್ ಥೆರಪಿ ಅವರು ಆರ್‌ಸಿಐ ಕೆಳಗೆ ಬರಲ್ಲ, ಅವರ ಡಿಗ್ರಿ ನೋಡಿ. ಬಾಗಿಲು ಹಾಕ್ಕೊಂಡು ಅಮ್ಮನನ್ನ ಹೊರಗೆ ಕೂರಿಸೋ ಜಾಗಕ್ಕೆ ಹೋಗಬೇಡಿ. ಆರು ತಿಂಗಳಲ್ಲಿ ನಾರ್ಮಲ್ ಮಾಡ್ತೀವಿ ಅಂತ ವರ್ಷದ ಪ್ಯಾಕೇಜ್ ದುಡ್ಡು ಮೊದಲೇ ಕೇಳಿದ್ರೆ ಎದ್ದು ಬನ್ನಿ. ಗುರಿ ಬರೆದುಕೊಡಬೇಕು. ‘ಮಾತು ಸುಧಾರಣೆ’ ಅಂತಲ್ಲ, ‘ಮೂರು ತಿಂಗಳಲ್ಲಿ ಹತ್ತು ಸಲ ಕರೆದ್ರೆ ಐದು ಸಲ ತಿರುಗಬೇಕು’ ಅಂತ, ಮನೇಲಿ ನೀವೇ ಎಣಿಸೋ ಥರ.

ಸ್ಟೆಮ್ ಸೆಲ್ ಜಾಹೀರಾತು ಹಾಕಿದವರು ದಯವಿಟ್ಟು ಡಿಲೀಟ್ ಮಾಡಿ. ಆಟಿಸಂಗೆ ಅದನ್ನ ಚಿಕಿತ್ಸೆ ಅಂತ ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲೇ ಹೇಳಿದೆ. ಆಟಿಸಂ ತೆಗೆದುಹಾಕೋ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ. ಫಿಟ್ಸು, ನಿದ್ದೆ, ತುಂಬಾ ರೇಗೋದು, ಇವಕ್ಕೆ ಡಾಕ್ಟ್ರು ಔಷಧಿ ಕೊಡಬಹುದು, ಅದು ಬೇರೆ ವಿಷಯ. ಲಸಿಕೆಯಿಂದ ಬಂತು ಅಂತ ಶುರು ಮಾಡಿದ 1998ರ ಲೇಖನವನ್ನ ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ವಾಪಸ್ ತಗೊಂಡಿದೆ. ಉಳಿದ ಲಸಿಕೆ ಹಾಕಿಸಿ.

ಇನ್ನು ಕಾಗದ ಪತ್ರ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಸ್ವಾವಲಂಬನ್ ಪೋರ್ಟಲಲ್ಲಿ ಯುಡಿಐಡಿಗೆ, ಅಂದ್ರೆ ಅಂಗವಿಕಲರ ಸರ್ಟಿಫಿಕೇಟಿಗೂ ಗುರುತಿನ ಕಾರ್ಡಿಗೂ, ಅರ್ಜಿ ಹಾಕಿ, ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ ಬೇಕು. ಆಧಾರ್ ಹೆಸರಿಗೂ ಜನನ ಪ್ರಮಾಣಪತ್ರಕ್ಕೂ ಒಂದಕ್ಷರ ವ್ಯತ್ಯಾಸ ಇದ್ರೂ ಮೊದಲು ಸರಿ ಮಾಡಿಸಿ. ಆಮೇಲೆ ಆಸ್ಪತ್ರೇಲಿ ಆಟಿಸಂ ಎಷ್ಟಿದೆ ಅಂತ ನೋಡ್ತಾರೆ, ಐಸಾ ಅನ್ನೋ ಅಳತೆಯಲ್ಲಿ 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. 70ರ ಕೆಳಗೆ ಆಟಿಸಂ ಅಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಮೇಲೆ ತೀವ್ರ. ಬಹಳಷ್ಟು ಸೌಲಭ್ಯಕ್ಕೆ ಶೇಕಡ 40 ಅಂಗವೈಕಲ್ಯ ಅಂತ ಬರಬೇಕು. ಅಲ್ಲಿ ಮಗುಗೆ ಮೊಬೈಲ್ ಕೊಟ್ಟು ಸುಮ್ಮನೆ ಕೂರಿಸಿ, ‘ಎಲ್ಲಾ ಮಾಡ್ತಾನೆ ಸಾರ್, ತುಂಬಾ ಜಾಣ’ ಅಂದ್ರೆ ಅಂಕ ಕಡಿಮೆ ಬೀಳುತ್ತೆ. ಕರೆದಾಗ, ಊಟದಲ್ಲಿ, ಬೇರೆ ಮಕ್ಕಳ ಜೊತೆ ಹೇಗಿರ್ತಾನೆ ಅಂತ ಎರಡೆರಡು ನಿಮಿಷದ ವಿಡಿಯೋ ಈಗಿಂದ್ಲೇ ಮಾಡಿಟ್ಕೊಳ್ಳಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡ್ತಾರೆ, ಕೊನೇ ದಿನಾಂಕ ನೋಡ್ಕೊಳ್ಳಿ.

ಅದು ಕೈಗೆ ಬಂದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರುತ್ತೆ. ಮೊದಲು ನಾವು ಕೊಟ್ಟು ಆಮೇಲೆ ವಾಪಸ್ ತಗೊಳ್ಳೋದು, ಹಾಗಾಗಿ ಬಿಳಿ ಚೀಟೀಲಿ ಬರೆದದ್ದಲ್ಲ, ಸೀಲು ಹಾಕಿದ ಬಿಲ್ಲೇ ಕೇಳಿ. ಫಾರಂ ತುಂಬೋಕೆ ಅಂಗವಿಕಲರಿಗೆ ನೆರವಾಗೋ ಕಾರ್ಯಕರ್ತರು, ಅಂದ್ರೆ ನಿಮ್ಮ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಇಲ್ಲಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಸಹಾಯ ಮಾಡ್ತಾರೆ. ಶಾಲೆ ವಯಸ್ಸಿಗೆ ಬಿಇಒ ಆಫೀಸಲ್ಲಿ ವಿಶೇಷ ಮಕ್ಕಳಿಗೆ ಕಲಿಸೋ ಬಿಐಇಆರ್‌ಟಿ ಟೀಚರನ್ನ ಕೇಳಿ. ಅಲ್ಲಿವರೆಗೆ ಅಂಗನವಾಡಿ ತಪ್ಪಿಸಬೇಡಿ, ಮೊದಮೊದಲು ಒಂದು ಗಂಟೆ ಸಾಕು.

 

ಸುಜಾತಕ್ಕ, ಡಾಕ್ಟ್ರ ಚೀಟಿ, ಮಗು ವಿಡಿಯೋ ಈ ಗ್ರೂಪಿಗೆ ಹಾಕಬೇಡಿ, ನೂರಾರು ಜನ ಇದ್ದಾರೆ. ನನ್ನ ನಂಬರಿಗೆ ಮಾತ್ರ ಕಳಿಸಿ. ದಿವ್ಯಗೆ ಮಾತಾಡ್ಬೇಕು ಅನ್ನಿಸಿದ್ರೆ ಸಂಜೆ ಏಳರ ಮೇಲೆ ಫೋನ್ ಮಾಡೋಕೆ ಹೇಳಿ.