ಮಗನ ತಟ್ಟೆ ಬೇರೆ ಇಡಬೇಕೇ?

ಪ್ರಶ್ನೆ (ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ):
ಡಾಕ್ಟರೇ, ನಮಸ್ಕಾರ. ನನ್ನ ಮಗನಿಗೆ 24 ವರ್ಷ. ಎರಡು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ (ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸುವಂಥ ಮಾನಸಿಕ ಕಾಯಿಲೆ) ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಈಗ ಎಷ್ಟೋ ವಾಸಿ, ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಾನೆ. ಈ ಕಾಯಿಲೆ ವಂಶದಲ್ಲಿ ಬರುವ ವೈರಸ್‌ನಿಂದ ಎಂದು ವಾಟ್ಸಾಪ್‌ನಲ್ಲಿ ಬಂತು. ಮಗಳು ಸೀಮಂತ ಮುಗಿಸಿಕೊಂಡು ಹೆರಿಗೆಗೆ ಬಂದಿದ್ದಾಳೆ. ಹೆದರಿ ಮಗನ ತಟ್ಟೆ, ಲೋಟ ಬೇರೆ ಮಾಡಿದೆ. ಅವನು ಏನೂ ಕೇಳಲಿಲ್ಲ. ಉಂಡ ಮೇಲೆ ತಾನೇ ತೊಳೆದು ಕಿಟಕಿಯ ಬಳಿ ಬೋರಲು ಹಾಕುತ್ತಾನೆ. ನಾನು ಮಾಡಿದ್ದು ಸರಿಯೇ?

ಉತ್ತರ (ಮನೋವೈದ್ಯರು):
ಅಮ್ಮಾ, ಮೊದಲು ಆ ತಟ್ಟೆಯನ್ನು ಎಲ್ಲರ ತಟ್ಟೆಗಳ ಜೊತೆ ಸೇರಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ಆ ಸಂದೇಶದಲ್ಲಿದ್ದ ವೈರಸ್‌ನ ಕಥೆ ಇದು. ಕೋಟ್ಯಂತರ ವರ್ಷಗಳ ಹಿಂದೆ, ಮನುಷ್ಯಕುಲ ಹುಟ್ಟುವ ಮೊದಲೇ, ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ಕೆಲವು ವೈರಸ್‌ಗಳು ಅವುಗಳ ಡಿಎನ್‌ಎಯಲ್ಲೇ ಉಳಿದುಬಿಟ್ಟವು. ನಮ್ಮ ಡಿಎನ್‌ಎಯ ಸುಮಾರು ಶೇ 8ರಷ್ಟು ಇಂಥ ಅವಶೇಷವೇ. ನಿಮ್ಮ ಮಗನಲ್ಲಿರುವಂತೆ ನಿಮ್ಮಲ್ಲಿ, ನನ್ನಲ್ಲಿ, ಆ ಸಂದೇಶ ಕಳಿಸಿದವರಲ್ಲೂ ಅವು ಇವೆ. ಎಂಜಲಿನಿಂದಲೋ ಉಸಿರಿನಿಂದಲೋ ಹರಡುವಂಥವಲ್ಲ. ನಿಮ್ಮ ಮಗಳ ಹೊಟ್ಟೆಯಲ್ಲಿ ಕೂಸನ್ನು ಪೋಷಿಸುತ್ತಿರುವ ಮಾಸು ಬೆಳೆಯಲು ಸಿನ್ಸಿಟಿನ್ ಎಂಬ ಪ್ರೋಟೀನ್ ಬೇಕು. ಅದು ತಯಾರಾಗುವುದು ಇಂಥದೇ ಹಳೆಯ ವೈರಸ್ಸಿನ ಜೀನ್‌ನಿಂದ! ಇದನ್ನು ಮಗಳಿಗೂ ಹೇಳಿ.

ಈ ಅವಶೇಷಗಳಿಗೆ ಕಾಯಿಲೆಯ ಜೊತೆ ನಂಟು ಇರಬಹುದೆಂಬುದು ಸುಳ್ಳಲ್ಲ. 2001ರ ಒಂದು ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯಾ ಹೊಸದಾಗಿ ಕಾಣಿಸಿಕೊಂಡ 35 ಮಂದಿಯಲ್ಲಿ 10 ಮಂದಿಯ ಮಿದುಳು ದ್ರವದಲ್ಲಿ ಇವುಗಳ ಆರ್‌ಎನ್‌ಎ (ಜೀನ್ ಚುರುಕಾದಾಗ ತಯಾರಾಗುವ ಅದರ ನಕಲು) ಸಿಕ್ಕಿತು. 2024ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು, ಇಂಥ ಕೆಲವು ತುಣುಕುಗಳು ಮಿದುಳಿನಲ್ಲಿ ಎಷ್ಟು ಚುರುಕಾಗಿವೆ ಎಂಬುದಕ್ಕೂ ಸ್ಕಿಜೋಫ್ರೇನಿಯಾ, ಖಿನ್ನತೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ) ಕಾಯಿಲೆಗಳ ಅಪಾಯಕ್ಕೂ ಸಂಬಂಧ ತೋರಿಸಿದರು. ಆದರೆ ನಂಟು ಬೇರೆ, ಕಾರಣ ಬೇರೆ. ಡಿಎನ್‌ಎ ಒಂದೇ ಆಗಿರುವ, ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದರೂ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ನಿಮ್ಮ ಮೊಮ್ಮಗುವಿನ ಮಟ್ಟಿಗೆ, ಸೋದರಮಾವನಿಗೆ ಕಾಯಿಲೆ ಇದ್ದಾಗ ಅಪಾಯ ನೂರಕ್ಕೆ ಮೂರ್ನಾಲ್ಕು. ಯಾರಿಗೂ ಇಲ್ಲದ ಮನೆಯಲ್ಲೂ ಸುಮಾರು ಒಂದು.

ಮರುಪ್ರಶ್ನೆ:
ತಟ್ಟೆ ಸೇರಿಸಿದೆ ಡಾಕ್ಟರೇ. ಹಾಗಾದರೆ ವೈರಸ್ ಸಾಯಿಸುವ ಮಾತ್ರೆ ಕೊಡಿಸಲೇ?

ಉತ್ತರ:
ಬೇಡಮ್ಮಾ. ಅಂಥ ಮಾತ್ರೆ ಇಂದು ಈ ಕಾಯಿಲೆಯ ಚಿಕಿತ್ಸೆಯಲ್ಲಿಲ್ಲ. ಈಗಿನ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಹೆರಿಗೆಯ ಗಡಿಬಿಡಿಯಲ್ಲಿ ಅವನ ನಿದ್ದೆ ಕೆಟ್ಟರೆ ಅಥವಾ ದನಿಗಳು ಮತ್ತೆ ಕೇಳಿಸಿದರೆ ಕಾಯದೆ ಕರೆತನ್ನಿ. ಅಪರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.