ನದಿಯ ಅಳತೆಯನ್ನೇ ವೃತ್ತಿಯಾಗಿಸಿಕೊಳ್ಳುವುದು: ಸರ್ಕಾರಿ ಜಲವಿಜ್ಞಾನಿಯ ಕೆಲಸದ ಕುರಿತು ಒಂದು ಪ್ರಶ್ನೆ

ಪ್ರಶ್ನೆ (ವಿದ್ಯಾರ್ಥಿ):

ನಾನು ಭೂವಿಜ್ಞಾನದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ನದಿಗಳ ಹರಿವು ಮತ್ತು ನೀರಿನ ಗುಣಮಟ್ಟವನ್ನು ಅಧ್ಯಯನ ಮಾಡುವ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಆದರೆ ಪರಿಚಿತರೊಬ್ಬರು, ಅಲ್ಲಿ ಮೂವತ್ತು ವರ್ಷ ಒಂದೇ ಜಾಗದಲ್ಲಿ ನಿಂತು ಒಂದೇ ಬಗೆಯ ಅಂಕಿಗಳನ್ನು ಬರೆದುಕೊಳ್ಳುವುದಷ್ಟೇ ಕೆಲಸ, ಈಗಂತೂ ಅದನ್ನೂ ಯಂತ್ರಗಳೇ ಮಾಡುತ್ತವೆ ಎಂದರು. ಈ ಸೇವೆಯಲ್ಲಿ ಇದ್ದವರು, ಅದರಲ್ಲಿ ನಿಜವಾದ ವಿಜ್ಞಾನ ಎಷ್ಟಿದೆ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1 (ನಿವೃತ್ತ ಜಲವಿಜ್ಞಾನಿ):

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ನಿಜ. ಆದರೆ ನದಿ ಎರಡು ಬಾರಿ ಒಂದೇ ರೀತಿ ಇರುವುದಿಲ್ಲವಾದ್ದರಿಂದ ನಮ್ಮ ಕೆಲಸಕ್ಕೆ ಕೊನೆಯಿಲ್ಲ. ದಡದ ಉಪಕರಣ ದಾಖಲಿಸುವುದು ನೀರಿನ ಮಟ್ಟವನ್ನು ಮಾತ್ರ. ಆ ಮಟ್ಟದಲ್ಲಿ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತಿದೆ ಎಂಬುದು ತಿಳಿಯಬೇಕಾದರೆ, ಯಾರಾದರೂ ನದಿಯ ಅಡ್ಡಲಾಗಿ ಹತ್ತಾರು ಕಡೆ ಆಳವನ್ನೂ ವೇಗವನ್ನೂ ಅಳೆದು, ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ರೇಖೆಯಾಗಿ ಬರೆದಿರಬೇಕು. ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಸಿಗುವ ವೇಗ ಆ ಜಾಗದ ಸರಾಸರಿಗೆ ಹತ್ತಿರವಿರುತ್ತದೆ. ಆಳ ಹೆಚ್ಚಿದ್ದರೆ ಹತ್ತರಲ್ಲಿ ಎರಡು ಮತ್ತು ಎಂಟು ಪಾಲಿನಲ್ಲಿ ಅಳೆದು ಸರಾಸರಿ ತೆಗೆಯುತ್ತೇವೆ. ಒಂದು ದೊಡ್ಡ ಪ್ರವಾಹ ಬಂದು ತಳದ ಮರಳನ್ನು ಕೊಚ್ಚಿಹಾಕಿದರೆ ಹಳೆಯ ರೇಖೆ ಹೊಂದುವುದಿಲ್ಲ, ಅದನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ನೀರಿನ ಗುಣಮಟ್ಟದ ಮಾತಿಗೆ ಬಂದರೆ, ನನ್ನದೇ ತಪ್ಪೊಂದನ್ನು ಹೇಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ ನಾನು ತಿಂಗಳ ಒಂದು ನಿಗದಿತ ದಿನ ಮಾತ್ರ ಮಾದರಿ ತೆಗೆಯುತ್ತಿದ್ದೆ. ಆ ದಿನಗಳಲ್ಲಿ ನದಿ ಬಹುಪಾಲು ಶಾಂತವಾಗಿರುತ್ತಿತ್ತು. ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಇರುವ ನೀರು ಸೆಕೆಂಡಿಗೆ 10 ಘನ ಮೀಟರಿನಂತೆ ಹರಿದರೆ ಸೆಕೆಂಡಿಗೆ 50 ಗ್ರಾಂ ನೈಟ್ರೇಟ್ ಕೆಳಗೆ ಸಾಗುತ್ತದೆ. ಪ್ರವಾಹದಲ್ಲಿ ಸಾಂದ್ರತೆ 2 ಮಿಲಿಗ್ರಾಂಗೆ ಇಳಿದರೂ ಹರಿವು 200 ಘನ ಮೀಟರ್ ಆಗಿದ್ದರೆ ಸಾಗುವುದು 400 ಗ್ರಾಂ. ಸಾಂದ್ರತೆ ಇಳಿಯಿತೆಂದು ಸಮಾಧಾನಪಡುತ್ತಿದ್ದ ನಾನು, ವರ್ಷದ ಬಹುಪಾಲು ಹೊರೆ, ಅಂದರೆ ಸಾಗಿಹೋಗುವ ನೈಟ್ರೇಟಿನ ಒಟ್ಟು ಪ್ರಮಾಣ, ಕೆಲವೇ ದಿನಗಳ ಬಗ್ಗಡ ನೀರಿನಲ್ಲಿ ದಾಟಿಹೋಗುತ್ತಿದ್ದುದನ್ನು ಬಹಳ ತಡವಾಗಿ ಕಂಡುಕೊಂಡೆ. ನೀರು ಏರುವಾಗ ಬರುವ ಹೂಳು ಸಾಮಾನ್ಯವಾಗಿ ಇಳಿಯುವಾಗಿನದಕ್ಕಿಂತ ಹೆಚ್ಚಿರುತ್ತದೆ; ಹಾಗಾಗಿ ಮಳೆ ಸುರಿಯುತ್ತಿರುವಾಗಲೇ, ಎಷ್ಟೋ ಸಲ ನಡುರಾತ್ರಿಯಲ್ಲಿ, ಹೊರಡಬೇಕಾಗುತ್ತದೆ.

ಒಂದೇ ನದಿಗೆ ಬದುಕನ್ನು ಕೊಟ್ಟವರ ಪೈಕಿ ಬ್ರಿಟಿಷ್ ಜಲವಿಜ್ಞಾನಿ ಹೆರಾಲ್ಡ್ ಹರ್ಸ್ಟ್ ನನಗೆ ಅತ್ಯಂತ ಪ್ರಿಯರು. 1906ರಲ್ಲಿ ಈಜಿಪ್ಟಿಗೆ ಹೋದ ಅವರು ದಶಕಗಳ ಕಾಲ ಅಲ್ಲಿನ ಸರ್ಕಾರಿ ಸೇವೆಯಲ್ಲಿದ್ದು ನೈಲ್ ನದಿಯನ್ನು ಅಭ್ಯಸಿಸಿದರು. ಕೈರೋದ ರೋಡಾ ದ್ವೀಪದಲ್ಲಿ ನೈಲ್ ಮಟ್ಟದ ದಾಖಲೆ ಏಳನೆಯ ಶತಮಾನದಿಂದಲೇ ಸಿಗುತ್ತದೆ. ಆ ಅಂಕಿಗಳನ್ನು ಜೋಡಿಸಿ ನೋಡಿದ ಅವರು, ಬರದ ವರ್ಷಗಳೂ ಸಮೃದ್ಧಿಯ ವರ್ಷಗಳೂ ಗುಂಪುಗುಂಪಾಗಿ ಬರುತ್ತವೆ, ಆದ್ದರಿಂದ ವರ್ಷಗಳನ್ನು ಪರಸ್ಪರ ಸಂಬಂಧವಿಲ್ಲದವೆಂದು ಭಾವಿಸಿ ಲೆಕ್ಕ ಹಾಕಿದ್ದಕ್ಕಿಂತ ದೊಡ್ಡ ಜಲಾಶಯ ಬೇಕಾಗುತ್ತದೆ ಎಂದು 1951ರಲ್ಲಿ ತೋರಿಸಿದರು. ಪ್ರತಿವರ್ಷ ಅಳತೆ ಬರೆದಿಟ್ಟವರ ಹೆಸರು ನಮಗೆ ಗೊತ್ತಿಲ್ಲ. ಅವರು ನಡುವೆ ನಿಲ್ಲಿಸಿದ್ದರೆ ಈ ತೀರ್ಮಾನಕ್ಕೆ ಆಧಾರವೇ ಇರುತ್ತಿರಲಿಲ್ಲ.

ಉತ್ತರ 2 (ಜಲ ಪ್ರಯೋಗಾಲಯದ ರಸಾಯನವಿಜ್ಞಾನಿ):

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾದರಿ ತೆಗೆಯುವ ಕೈಯಲ್ಲಿಯೇ ಅರ್ಧ ವಿಜ್ಞಾನವಿದೆ. ಕರಗಿದ ಲೋಹಗಳ ಪ್ರಮಾಣ ಅತ್ಯಲ್ಪವಾದ್ದರಿಂದ ಬಾಟಲಿಯ, ಕೈಗವಸಿನ ಅಥವಾ ಸೋಸುವ ಕಾಗದದ ಕೊಳೆಯೇ ನದಿಯ ಲೋಹವೆಂದು ದಾಖಲಾಗಬಹುದು. ಅದಕ್ಕಾಗಿ ಶುದ್ಧ ನೀರನ್ನೂ ನದಿಯ ಬಳಿಗೆ ಒಯ್ದು, ಮಾದರಿಯಂತೆಯೇ ಸೋಸಿ, ಆಮ್ಲ ಹಾಕಿ ಪರೀಕ್ಷೆಗೆ ತರುತ್ತೇವೆ; ಅದರಲ್ಲಿಯೂ ಲೋಹ ಕಂಡರೆ ಅದು ನದಿಯದಲ್ಲ, ನಮ್ಮ ಕೆಲಸದಲ್ಲಿ ಸೇರಿದ ಕೊಳೆ ಎಂದು ತಿಳಿಯುತ್ತದೆ. ಕರಗಿದ ಆಮ್ಲಜನಕವಂತೂ ಗಳಿಗೆಗೊಂದು ರೀತಿ. ಪಾಚಿ ತುಂಬಿದ ನದಿಯಲ್ಲಿ ಮಧ್ಯಾಹ್ನ ಅದು ಏರಿರುತ್ತದೆ, ಬೆಳಗಿನ ಜಾವಕ್ಕೆ ಮೀನು ಸಾಯುವಷ್ಟು ಇಳಿದಿರಬಹುದು. ಸಮಯ ಬರೆಯದ ಮಾದರಿ ನಮ್ಮಲ್ಲಿಗೆ ಬಂದರೆ ನಾನು ಅದನ್ನು ಹಿಂದಿರುಗಿಸುತ್ತೇನೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಸೇವೆಗೆ ಸೇರುವ ಮೊದಲು ನಾನು ಏನನ್ನು ಕಲಿತಿರಬೇಕು? ಫಲಿತಾಂಶ ಯಾರಿಗಾದರೂ ಇಷ್ಟವಾಗದಿದ್ದಾಗ ಏನಾಗುತ್ತದೆ?

ಉತ್ತರ 1ರ ಬರಹಗಾರರು:

ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಿರಿ. ನದಿಯ ಅಂಕಿಗಳು ಸರಾಸರಿಯ ಸುತ್ತ ಸಮನಾಗಿ ಹರಡಿರುವುದಿಲ್ಲ, ಕೆಲವು ದೊಡ್ಡ ಅಂಕಿಗಳು ಸರಾಸರಿಯನ್ನೇ ಎಳೆದಾಡುತ್ತವೆ. ಈಜು ಕಲಿಯಿರಿ, ಜೀವರಕ್ಷಕ ಕವಚವಿಲ್ಲದೆ ನೀರಿಗೆ ಇಳಿಯಬೇಡಿ. ಎರಡನೆಯ ಪ್ರಶ್ನೆಗೆ ನನ್ನ ಅನುಭವ ಹೀಗಿದೆ: ಒಮ್ಮೆ ಮೇಲಧಿಕಾರಿಗಳು ಒಂದು ವರದಿಯನ್ನು ಸ್ವಲ್ಪ ಕಾಲ ತಡೆಹಿಡಿಯುವಂತೆ ಹೇಳಿದರು. ನಾನು ಅಳತೆಯ ಪುಸ್ತಕದ ಪ್ರತಿಯೊಂದು ಪುಟವನ್ನೂ, ತಿದ್ದುಪಡಿಗಳ ಕಾರಣವನ್ನೂ ಲಿಖಿತವಾಗಿ ಮುಂದಿಟ್ಟೆ. ವರದಿ ತಡವಾಯಿತು, ಆದರೆ ಅದರಲ್ಲಿನ ಒಂದು ಅಂಕಿಯೂ ಬದಲಾಗಲಿಲ್ಲ. ಅಂದಿನಿಂದ, ಹೊಡೆದುಹಾಕಿದ ಅಂಕಿಯೂ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕುವುದನ್ನು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಿದ್ದೆ.